ಹಪ್ಪಳದ ಕಟ್ಟಿಗೆ ಕಂಪನಿ ಬೇಕೇ?

ಆಟಿಯ ಮಳೆ ಜಡಿಯುತ್ತಿದ್ದ ಒಂದು ಮಧ್ಯಾಹ್ನ, ಮೊದಲ ವರ್ಷದ ಬಿಬಿಎಯ ಇಬ್ಬರು ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತರು. ಅಕ್ಕತಂಗಿಯರ ಮಕ್ಕಳು. ಹುಡುಗಿಯ ಕೈಯಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಹಲಸಿನ ಹಪ್ಪಳ, ಇಪ್ಪತ್ತೈದರ ಕಟ್ಟುಗಳಾಗಿ ಬಾಳೆನಾರಿನಲ್ಲಿ ಬಿಗಿದದ್ದು. ಹಿರಿಯಡಕದ ದೊಡ್ಡಮ್ಮ ಬೇಸಿಗೆಯಲ್ಲಿ ಸೊಳೆ ಬೇಯಿಸಿ, ಕಡೆದು, ಚಾಪೆಯ ಮೇಲೆ ಒಣಗಿಸಿ ಮಾಡಿಟ್ಟದ್ದಂತೆ.

"ಸರ್, ಮುಂದಿನ ಹಲಸಿನ ಕಾಲಕ್ಕೆ ಇದನ್ನು ಪ್ಯಾಕೆಟ್ ಮಾಡಿ ಮಾರಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡುವುದು ಹೇಗೆ?" ಎಂದು ಹುಡುಗ ಕೇಳಿದ. ಹುಡುಗಿ ಅವನ ಮಾತನ್ನು ಅರ್ಧದಲ್ಲೇ ತಡೆದು, "ಬೇಡ ಸರ್, ಎಲ್‌ಎಲ್‌ಪಿ ಸುಲಭವಂತೆ" ಎಂದಳು. ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯ ಗಿಡ್ಡ ಹೆಸರು ಅದು. ದೊಡ್ಡಮ್ಮ ಏನೆನ್ನುತ್ತಾರೆ ಎಂದು ಕೇಳಿದೆ. "ಅವರಿಗೆ ಸೊಸೈಟಿಯವರು ತೆಗೆದುಕೊಂಡರೆ ಸಾಕಂತೆ."

ಒಂದು ಡಬ್ಬಿ ಹಪ್ಪಳ, ಮೂರು ಸಂಸ್ಥೆಗಳು! ಪಠ್ಯದಲ್ಲಿ ‘ವ್ಯಾಪಾರ ಸಂಘಟನೆಯ ರೂಪಗಳು’ ಎಂಬ ಅಧ್ಯಾಯವನ್ನು ಗುಣ-ದೋಷಗಳ ಪಟ್ಟಿಯಾಗಿ ಬಾಯಿಪಾಠ ಮಾಡಿದವರಿಗೆ ಇದು ಸಹಜವಾದ ಗೊಂದಲ. ಪಟ್ಟಿಯಲ್ಲಿ ಎಲ್ಲದಕ್ಕೂ ಆರು ಗುಣ, ಆರು ದೋಷ. ಆರಿಸುವುದು ಹೇಗೆ? ಪ್ರತಿ ವರ್ಷ ಇದೇ ಪ್ರಶ್ನೆಯನ್ನು ಬೇರೆ ಬೇರೆ ಡಬ್ಬಿ ಹಿಡಿದುಕೊಂಡು ಬಂದು ಕೇಳುತ್ತಾರೆ. ಒಬ್ಬರಿಗೆ ಕೇಕು, ಇನ್ನೊಬ್ಬರಿಗೆ ಮದುವೆಮನೆಯ ಫೋಟೋ, ಮತ್ತೊಬ್ಬರಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ. ಹಾಗಾಗಿ ಆ ದಿನ ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದದ್ದು

ರೂಪಗಳ ಹೆಸರನ್ನು ಸದ್ಯಕ್ಕೆ ಮರೆತುಬಿಡಿ. ನನ್ನ ಮೊದಲ ಪ್ರಶ್ನೆ ಯಾವಾಗಲೂ ಇದು: ವ್ಯಾಪಾರ ಮುಳುಗಿದರೆ, ಸಾಲ ಕೊಟ್ಟವನು ಯಾರ ಮನೆಯ ಬಾಗಿಲಿಗೆ ಬರುತ್ತಾನೆ? ಮಲ್ಪೆಯಲ್ಲಿ ಪಾಲು ಹಾಕಿ ಬೋಟು ಮಾಡುವವರನ್ನು ನೆನೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 61 ದಿನ ದಕ್ಕೆಯಲ್ಲಿ ಬೋಟು ಸುಮ್ಮನೆ ನಿಂತಿರುತ್ತದೆ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಅಂಥ ವ್ಯಾಪಾರದಲ್ಲಿ ಹೊಣೆ ಎಲ್ಲಿಗೆ ನಿಲ್ಲುತ್ತದೆ ಎಂಬುದೇ ದೊಡ್ಡ ಮಾತು. ಹಪ್ಪಳದಲ್ಲಿ ಅಷ್ಟಿಲ್ಲ; ಹೆಚ್ಚೆಂದರೆ ಅಕಾಲದ ಮಳೆಗೆ ಒಂದು ಚಾಪೆ ಹಪ್ಪಳ ಬೂಸಲು ಹಿಡಿದೀತು.

ಎರಡನೆಯದು ವರ್ಷವರ್ಷವೂ ತೆರಬೇಕಾದ ಕಾಗದಪತ್ರದ ಖರ್ಚು. ಸ್ಥಾಪನೆಯ ಖರ್ಚನ್ನು ಎಲ್ಲರೂ ವಿಚಾರಿಸುತ್ತಾರೆ, ಸಾಕುವ ಖರ್ಚನ್ನು ಯಾರೂ ವಿಚಾರಿಸುವುದಿಲ್ಲ. ಮೂರನೆಯದು ಬಂಡವಾಳ: ಮನೆಯವರದೋ, ಬ್ಯಾಂಕಿನದೋ, ಗುರುತು ಪರಿಚಯವಿಲ್ಲದವರದೋ? ನಾಲ್ಕನೆಯದು, ಕೊನೆಯ ಮಾತು ಯಾರದು? ಐದನೆಯದು, ಒಬ್ಬರು ಬಿಟ್ಟುಹೋದರೆ ಅಥವಾ ತೀರಿಕೊಂಡರೆ ಮುಂದೇನು? ತೆರಿಗೆಯನ್ನು ವಿದ್ಯಾರ್ಥಿಗಳು ಮೊದಲು ಕೇಳುತ್ತಾರೆ, ನಾನು ಕೊನೆಗೆ ಇಡುತ್ತೇನೆ. ಲಾಭವೇ ಕಾಣದವನಿಗೆ ತೆರಿಗೆಯ ಚಿಂತೆ ಎಲ್ಲಿಯದು?

ಒಬ್ಬರದೇ ವ್ಯಾಪಾರ

ಏಕಮಾಲೀಕತ್ವಕ್ಕೆಂದೇ ಒಂದು ಪ್ರತ್ಯೇಕ ಕಾಯಿದೆ ಇಲ್ಲ, ಅದೇ ಅದರ ಸುಖ. ಮಾಲೀಕರ ಪ್ಯಾನ್ ಕಾರ್ಡೇ ವ್ಯಾಪಾರದ ಪ್ಯಾನ್. ಸಣ್ಣ ಉದ್ಯಮಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿಯನ್ನು ಆಧಾರ್ ಹಿಡಿದುಕೊಂಡು ಅಂತರ್ಜಾಲದಲ್ಲಿ ಉಚಿತವಾಗಿ ಮಾಡಿಕೊಳ್ಳಬಹುದು; ದುಡ್ಡು ಕೇಳಿದವರಿಗೆ ಕೈಮುಗಿದು ಮುಂದೆ ಹೋಗಿ. ತಿನ್ನುವ ಪದಾರ್ಥವಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು, ಮನೆಯ ಅಡುಗೆಕೋಣೆಯಲ್ಲಿ ಮಾಡಿದರೂ ಬೇಕು. ಸಣ್ಣ ಸಾಲಕ್ಕೆ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿಯವರೆಗೆ ಸಿಗುತ್ತದೆ.

ಜಿಎಸ್‌ಟಿ ವಿಷಯದಲ್ಲಿ ಒಂದು ತಮಾಷೆ ಇದೆ. ಹಪ್ಪಳಕ್ಕೆ ತೆರಿಗೆ ಇಲ್ಲ, ಉಪ್ಪಿನಕಾಯಿಗೆ ಇದೆ. ಬರೀ ಹಪ್ಪಳ ಮಾರುವವರು ನೋಂದಣಿಯ ಗೋಜಿಗೇ ಹೋಗಬೇಕಾಗಿಲ್ಲ. ಜೊತೆಗೆ ಮಾವಿನಮಿಡಿ ಉಪ್ಪಿನಕಾಯಿಯನ್ನೂ ಇಟ್ಟರೆ, ಕರ್ನಾಟಕದೊಳಗೆ ಸರಕು ಮಾರುವವರಿಗೆ ವಾರ್ಷಿಕ 40 ಲಕ್ಷದ ವಹಿವಾಟಿನವರೆಗೆ ವಿನಾಯಿತಿ. ಆದರೆ ಅದೇ ಭರಣಿಯನ್ನು ತಲಪಾಡಿ ದಾಟಿಸಿ ಕಾಸರಗೋಡಿನ ಅಂಗಡಿಗೆ ಕೊಟ್ಟಿರೋ, ಅದು ಅಂತರರಾಜ್ಯ ಮಾರಾಟ. ಒಂದು ಭರಣಿಯಾದರೂ ನೋಂದಣಿ ಕಡ್ಡಾಯ. ಮಂಗಳೂರಿನವರಿಗೆ ಕಾಸರಗೋಡು ಪಕ್ಕದ ಊರು, ಕಾನೂನಿಗೆ ಹೊರರಾಜ್ಯ.

ಆದಾಯ ತೆರಿಗೆಯಲ್ಲೂ ಸಣ್ಣವರಿಗೆ ಇದೇ ಹಗುರ. 2025-26ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ಆದಾಯಕ್ಕೆ ಕಟ್ಟಬೇಕಾದದ್ದು ಏನೂ ಇಲ್ಲ.

ಹಾಗಾದರೆ ತೊಂದರೆ ಎಲ್ಲಿ? ಹೊಣೆಗೆ ಮಿತಿ ಇಲ್ಲ. ಅಂಗಡಿಯ ಸಾಲಕ್ಕೆ ಮನೆ, ತೋಟ, ಕೊರಳ ಸರ ಎಲ್ಲವೂ ಉತ್ತರ ಹೇಳಬೇಕು. ಮಾಲೀಕರು ಮಲಗಿದರೆ ವ್ಯಾಪಾರವೂ ಮಲಗುತ್ತದೆ. ಸಾಲ ಕಡಿಮೆ, ಗ್ರಾಹಕನಿಗೆ ದೊಡ್ಡ ಹಾನಿಯಾಗುವ ಸಂಭವ ಕಡಿಮೆ, ತೀರ್ಮಾನ ಒಬ್ಬರದೇ ಎಂಬಲ್ಲಿ ಇದನ್ನು ಬಿಟ್ಟು ಬೇರೆ ನೋಡುವುದು ನನ್ನ ಪ್ರಕಾರ ದುಂದು.

ಪಾಲುದಾರಿಕೆ: ಬಾಯಿಮಾತಿನ ಬೆಲೆ

ಕರಾವಳಿಯಲ್ಲಿ ಅತಿ ಹೆಚ್ಚು ಜನ ಗೊತ್ತಿಲ್ಲದೆಯೇ ಕಾಲಿಡುವ ರೂಪ ಇದು. ಇಬ್ಬರು ಲಾಭ ಹಂಚಿಕೊಳ್ಳುವ ಒಪ್ಪಂದದಲ್ಲಿ ಕೂಡಿ ವ್ಯಾಪಾರ ಮಾಡತೊಡಗಿದರೆ ಸಾಕು, ಕಾಗದ ಇರಲಿ ಬಿಡಲಿ, 1932ರ ಭಾರತೀಯ ಪಾಲುದಾರಿಕೆ ಕಾಯಿದೆ ಅವರನ್ನು ಪಾಲುದಾರರೆಂದು ಕಾಣಬಹುದು.

ನನಗೆ ಇದು ಗೊತ್ತಾದದ್ದು ಪಾಠ ಮಾಡಿ ಅಲ್ಲ. ಕೆಲಸ ಸಿಗುವ ಮುಂಚೆ, ಸ್ನೇಹಿತನ ಜೊತೆ ಕಾಲೇಜೊಂದರ ಎದುರು ಝೆರಾಕ್ಸ್ ಅಂಗಡಿ ಹಾಕಿದ್ದೆ. ಬರೆದುಕೊಂಡದ್ದು ಏನೂ ಇಲ್ಲ. ಅವನು ಪರೀಕ್ಷೆಯ ಸಮಯಕ್ಕೆಂದು ನಲವತ್ತು ರೀಮು ಕಾಗದ ಕಡ ತಂದ, ಆಮೇಲೆ ಮುಂಬೈಗೆ ಹೋದ. ಒಂದು ಬೆಳಿಗ್ಗೆ ಕಾಗದದ ವ್ಯಾಪಾರಿ ನಮ್ಮ ಮನೆಯ ಅಂಗಳದಲ್ಲಿ ನಿಂತಿದ್ದರು. "ಅರ್ಧ ನನ್ನದು, ಕೊಡುತ್ತೇನೆ" ಎಂದೆ. "ಅರ್ಧದ ಲೆಕ್ಕ ನಿಮ್ಮಿಬ್ಬರೊಳಗೆ ಇಟ್ಟುಕೊಳ್ಳಿ ಮಾರಾಯರೇ, ನನಗೆ ಪೂರ್ತಿ ಬೇಕು" ಎಂದರು. ಕಾನೂನು ಅವರ ಕಡೆಗಿತ್ತು. ಪಾಲುದಾರರ ಹೊಣೆ ಒಟ್ಟಾಗಿಯೂ ಹೌದು, ಒಬ್ಬೊಬ್ಬರ ಮೇಲೆ ಪೂರ್ತಿಯಾಗಿಯೂ ಹೌದು. ನಾನು ತೆತ್ತೆ.

ಕಾಗದ ಇಲ್ಲದಿದ್ದರೆ ಕಾಯಿದೆ ತನ್ನದೇ ಕಾಗದ ತುಂಬುತ್ತದೆ: ಲಾಭ ಸಮಪಾಲು, ದುಡಿದವರಿಗೆ ಸಂಬಳ ಇಲ್ಲ, ಬಂಡವಾಳಕ್ಕೆ ಬಡ್ಡಿ ಇಲ್ಲ. ಇದು ಹಪ್ಪಳದ ಮನೆಯಲ್ಲಿ ಏನು ಮಾಡುತ್ತದೆ ನೋಡಿ. ಹುಡುಗನ ಅಪ್ಪ ಮಸ್ಕತ್‌ನಿಂದ ಮಗನಿಗೆ ಕಳುಹಿಸಿದ 50,000 ರೂಪಾಯಿ ಬಂಡವಾಳ. ಹುಡುಗಿಯದು ಪ್ಯಾಕೆಟ್, ಚೀಟಿ, ಮೊಬೈಲಿನಲ್ಲಿ ಮಾರಾಟ. ಬೆವರು ದೊಡ್ಡಮ್ಮನದು. ವರ್ಷಕ್ಕೆ 1,80,000 ಉಳಿಯಿತು ಎಂದುಕೊಳ್ಳೋಣ. ಏನೂ ಬರೆದಿಲ್ಲವಾದರೆ ಮೂವರಿಗೂ 60,000. ಬೆಂಕಿಯ ಮುಂದೆ ಕುಳಿತವರಿಗೂ ಬೆಂಚಿನಲ್ಲಿ ಕುಳಿತವರಿಗೂ ಒಂದೇ.

ಈಗ ಪಾಲುದಾರಿಕೆ ಪತ್ರದಲ್ಲಿ ಎರಡು ಸಾಲು ಬರೆಯಿರಿ: ದೊಡ್ಡಮ್ಮನಿಗೆ ತಿಂಗಳಿಗೆ 6,000 ಸಂಬಳ, ಬಂಡವಾಳಕ್ಕೆ ವರ್ಷಕ್ಕೆ ಶೇ. 12ರ ಬಡ್ಡಿ, ಉಳಿದದ್ದು ಸಮಪಾಲು. ಸಂಬಳ 72,000 ಹೋಯಿತು, ಬಡ್ಡಿ 6,000 ಹೋಯಿತು, ಉಳಿದ 1,02,000ದಲ್ಲಿ ತಲೆಗೆ 34,000. ತೆರಿಗೆಗೆ ಮುಂಚಿನ ಲೆಕ್ಕದಲ್ಲಿ ದೊಡ್ಡಮ್ಮನಿಗೆ 1,06,000, ಹುಡುಗನಿಗೆ 40,000, ಹುಡುಗಿಗೆ 34,000. ವ್ಯಾಪಾರ ಅದೇ, ಹಪ್ಪಳ ಅಷ್ಟೇ, ಬದಲಾದದ್ದು ಎರಡು ಸಾಲು.

ತೆರಿಗೆ ಇಲ್ಲಿ ಚುಚ್ಚುತ್ತದೆ. ಫರ್ಮಿನ, ಅಂದರೆ ಪಾಲುದಾರಿಕೆ ಸಂಸ್ಥೆಯ, ಲಾಭಕ್ಕೆ ಮೊದಲ ರೂಪಾಯಿಯಿಂದಲೇ ಶೇ. 30, ಅದರ ಮೇಲೆ ಶೇ. 4 ಸೆಸ್. ಮೇಲಿನ 1,02,000ಕ್ಕೆ 31,824 ರೂಪಾಯಿ ಹೋಯಿತು. ದೊಡ್ಡಮ್ಮ ಒಬ್ಬರೇ ಮಾಲೀಕರಾಗಿದ್ದರೆ ಸೊನ್ನೆ. ಪತ್ರದಲ್ಲಿ ದುಡಿಯುವ ಪಾಲುದಾರರ ಸಂಬಳವನ್ನು ಕಾನೂನಿನ ಮಿತಿಯೊಳಗೆ ಹೆಚ್ಚಿಸಿಕೊಂಡರೆ ಫರ್ಮಿನ ತೆರಿಗೆ ಇಳಿಯುತ್ತದೆ, ನಿಜ. ಆದರೆ ಒಬ್ಬ ಪಾಲುದಾರರಿಗೆ ಸಂಬಳ, ಬಡ್ಡಿ ಸೇರಿ ವರ್ಷಕ್ಕೆ 20,000 ಮೀರಿದರೆ ಫರ್ಮು ಶೇ. 10 ಟಿಡಿಎಸ್, ಅಂದರೆ ಕೊಡುವಾಗಲೇ ಹಿಡಿಯುವ ತೆರಿಗೆ, ಮುರಿದು ಕಟ್ಟಬೇಕು. ಲೆಕ್ಕ ಬರೆಯುವವರಿಗೆ ಕೆಲಸ ಹುಟ್ಟಿತು.

ನೋಂದಣಿ ಕಡ್ಡಾಯವಲ್ಲ. ಅಷ್ಟೇ ಓದಿ ನಿಲ್ಲಿಸಿದವರು ಮೋಸ ಹೋಗುತ್ತಾರೆ. ನೋಂದಣಿಯಾಗದ ಫರ್ಮು ತನ್ನ ಬಾಕಿಗಾಗಿ ಹೊರಗಿನವರ ಮೇಲೆ ಒಪ್ಪಂದದ ಆಧಾರದಲ್ಲಿ ದಾವೆ ಹೂಡುವಂತಿಲ್ಲ. ಹೊರಗಿನವರು ಮಾತ್ರ ಫರ್ಮಿನ ಮೇಲೆ ಹೂಡಬಹುದು. ಒಂದು ಸೂಪರ್ ಮಾರ್ಕೆಟ್‌ಗೆ ಇನ್ನೂರು ಕಟ್ಟು ಕಡ ಕೊಟ್ಟವರಿಗೆ ಈ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಂದು ವಿಷಯ, ಮೊದಲ ವರ್ಷದವರಿಗೇ ಸಂಬಂಧಿಸಿದ್ದು. ಹುಡುಗನಿಗೆ ಹದಿನೆಂಟು ತುಂಬುವುದು ನವೆಂಬರಿನಲ್ಲಿ. ಅಲ್ಲಿಯವರೆಗೆ ಅವನು ಪಾಲುದಾರನಾಗುವಂತಿಲ್ಲ. ಉಳಿದವರೆಲ್ಲ ಒಪ್ಪಿದರೆ ಈಗಾಗಲೇ ಇರುವ ಫರ್ಮಿನ ಲಾಭಕ್ಕೆ ಮಾತ್ರ ಅವನನ್ನು ಸೇರಿಸಿಕೊಳ್ಳಬಹುದು. ಅವನ ಮುಖ ಸಪ್ಪಗಾಯಿತು. ಕಂಪನಿಯ ನಿರ್ದೇಶಕನೂ ಆಗುವಂತಿಲ್ಲ ಎಂದು ಹೇಳುವುದನ್ನು ನಾನು ಸ್ವಲ್ಪ ಮುಂದೂಡಿದೆ.

ಎಲ್‌ಎಲ್‌ಪಿ ಯಾರಿಗೆ?

ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ 2008ರ ಕಾಯಿದೆಯ ಕೂಸು. ಒಳಗಿನ ವ್ಯವಹಾರ ಪಾಲುದಾರಿಕೆಯಂತೆ, ಹೊರಗಿನ ಹೊಣೆ ಕಂಪನಿಯಂತೆ. ಜೊತೆಗಾರ ತಂದ ನಲವತ್ತು ರೀಮಿಗೆ ನನ್ನ ಮನೆ ಉತ್ತರ ಹೇಳಬೇಕಾಗಿಲ್ಲ. ಕನಿಷ್ಠ ಇಬ್ಬರು ಬೇಕು. ವರ್ಷಕ್ಕೆ ಎರಡು ನಮೂನೆ: ಮೇ 30ರೊಳಗೆ ಫಾರ್ಮ್ 11, ಅಕ್ಟೋಬರ್ 30ರೊಳಗೆ ಫಾರ್ಮ್ 8. ವಹಿವಾಟು ಇಲ್ಲದಿದ್ದರೂ ಸಲ್ಲಿಸಬೇಕು, ತಡವಾದಷ್ಟೂ ದಂಡ ಬೆಳೆಯುತ್ತದೆ. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟುವವರೆಗೆ ಈ ಕಾಯಿದೆಯಡಿ ಲೆಕ್ಕಪರಿಶೋಧನೆ ಬೇಡ. ತೆರಿಗೆ ಫರ್ಮಿನಷ್ಟೇ.

ಹಪ್ಪಳಕ್ಕೆ ಇದು ಹೆಚ್ಚಾಯಿತು. ಆದರೆ ಮೂರು ಮಂದಿ ಸೇರಿ ವೆಬ್‌ಸೈಟ್ ಮಾಡಿಕೊಡುವವರು, ಮದುವೆಮನೆಯ ವ್ಯವಸ್ಥೆ ವಹಿಸಿಕೊಳ್ಳುವವರು, ಅಂದರೆ ಬಂಡವಾಳ ಕಡಿಮೆ ಇದ್ದು ಒಬ್ಬನ ತಪ್ಪಿಗೆ ದೊಡ್ಡ ಮೊತ್ತದ ಪರಿಹಾರ ಕೇಳಿಸಿಕೊಳ್ಳುವ ಅಪಾಯ ಇರುವವರಿಗೆ ಇದು ಹೇಳಿ ಮಾಡಿಸಿದ ರೂಪ. ಷೇರು ಮಾರಿ ಹಣ ಎತ್ತಬೇಕೆಂಬ ಕನಸಿದ್ದರೆ ಮಾತ್ರ ಇಲ್ಲಿಗೆ ಬರಬೇಡಿ. ಎಲ್‌ಎಲ್‌ಪಿಯಲ್ಲಿ ಷೇರುಗಳೇ ಇಲ್ಲ.

ಪ್ರೈವೇಟ್ ಲಿಮಿಟೆಡ್ ಎಂಬ ಬೋರ್ಡು

ಕಂಪನಿ ಎಂದರೆ ದೊಡ್ಡದು ಎಂಬ ಭ್ರಮೆ ಬೇಡ. 1925ರಲ್ಲಿ ಉಡುಪಿಯಲ್ಲಿ ವೈದ್ಯ ಟಿ.ಎಂ.ಎ. ಪೈ, ವ್ಯಾಪಾರಿ ಉಪೇಂದ್ರ ಪೈ, ಎಂಜಿನಿಯರ್ ವಾಮನ ಕುಡ್ವ ಸೇರಿ ಕಟ್ಟಿದ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಲಿಮಿಟೆಡ್’ ಆರಂಭವಾದದ್ದು 8,000 ರೂಪಾಯಿ ಬಂಡವಾಳದಿಂದ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. ಕೈಮಗ್ಗದ ಬಿಕ್ಕಟ್ಟಿನಲ್ಲಿ ಸಿಕ್ಕಿದ್ದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶ. 1928ರಲ್ಲಿ ಪಿಗ್ಮಿ ಠೇವಣಿ ತಂದು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಸಂಗ್ರಹಿಸಿದರು. ಅವರಿಗೆ ಕಂಪನಿಯ ರೂಪವೇ ಏಕೆ ಬೇಕಾಯಿತು? ನನಗೆ ತೋರುವಂತೆ, ಅಪರಿಚಿತರ ಹಣ ಹಿಡಿಯುವ ಕೆಲಸಕ್ಕೆ ಕಟ್ಟಿದವರ ಆಯುಸ್ಸಿಗಿಂತ ಉದ್ದದ ಆಯುಸ್ಸು ಬೇಕು. ಕಂಪನಿ ಸದಸ್ಯರು ಸತ್ತರೂ ಸಾಯುವುದಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆ ಇದು: ಮನೆಯ ಹೊರಗಿನವರ ಹಣ ನಿಮಗೆ ಬೇಕೇ? ಬೇಕು ಎಂದರೆ ಕಂಪನಿ. 2013ರ ಕಂಪನಿ ಕಾಯಿದೆಯ ಪ್ರಕಾರ ಖಾಸಗಿ ಕಂಪನಿಗೆ ಕನಿಷ್ಠ ಇಬ್ಬರು, ಗರಿಷ್ಠ 200 ಸದಸ್ಯರು. ಒಂದು ಲಕ್ಷ ರೂಪಾಯಿಯ ಕನಿಷ್ಠ ಬಂಡವಾಳದ ನಿಯಮ 2015ರಲ್ಲೇ ಹೋಯಿತು; ಹಳೆಯ ನೋಟ್ಸಿನಲ್ಲಿ ಇನ್ನೂ ಇದ್ದರೆ ಹೊಡೆದುಹಾಕಿ. ತೆರಿಗೆಯ ದರ ಷರತ್ತುಗಳಿಗೆ ಒಪ್ಪಿದರೆ ಶೇ. 22, ಜೊತೆಗೆ ಸರ್‌ಚಾರ್ಜ್ ಮತ್ತು ಸೆಸ್. ಫರ್ಮಿಗಿಂತ ಕಡಿಮೆ ಎಂದು ಹಿಗ್ಗುವ ಮೊದಲು, ಆ ಲಾಭವನ್ನು ಡಿವಿಡೆಂಡ್ ಆಗಿ ಮನೆಗೆ ತಂದರೆ ನಿಮ್ಮ ಕೈಯಲ್ಲಿ ಮತ್ತೆ ತೆರಿಗೆಯ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ನೆನಪಿಡಿ.

ಸಾಕುವ ಖರ್ಚು ಇಲ್ಲಿ ಜಾಸ್ತಿ. ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ಪ್ರತಿ ವರ್ಷ ಲೆಕ್ಕಪರಿಶೋಧನೆ. ವಾರ್ಷಿಕ ಸಭೆ, ಅದರ ನಂತರ ದಿನ ಎಣಿಸಿ ಸಲ್ಲಿಸುವ ನಮೂನೆಗಳು, ನಿರ್ದೇಶಕರ ಸಭೆಯ ನಡಾವಳಿ ಪುಸ್ತಕ. ಇಷ್ಟು ಮಾಡಿ ಹೊಣೆಯಾದರೂ ನಿಂತೀತೇ? ಹೊಸ ಕಂಪನಿಗೆ ಸಾಲ ಕೊಡುವಾಗ ಬ್ಯಾಂಕು ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುತ್ತದೆ. ಸಹಿ ಹಾಕಿದ ಕ್ಷಣಕ್ಕೆ ಸೀಮಿತ ಹೊಣೆಯ ಗೋಡೆಯಲ್ಲಿ ಒಂದು ಬಾಗಿಲು ಬಿತ್ತು. ಪಠ್ಯದಲ್ಲಿ ಈ ಬಾಗಿಲಿನ ಚಿತ್ರ ಇರುವುದಿಲ್ಲ.

ನಮ್ಮ ಕಡೆಯವರಿಗೆ ಮುಖ್ಯವಾದ ಇನ್ನೊಂದು ಅಂಶ, ಗಲ್ಫಿನ ಹಣ. ಅನಿವಾಸಿ ಸಂಬಂಧಿಕರು ಏಕಮಾಲೀಕತ್ವ ಅಥವಾ ಪಾಲುದಾರಿಕೆಯಲ್ಲಿ ಹಣ ತೊಡಗಿಸುವುದು ಸಾಮಾನ್ಯವಾಗಿ ಅದನ್ನು ಹೊರದೇಶಕ್ಕೆ ವಾಪಸ್ ಒಯ್ಯುವುದಿಲ್ಲ ಎಂಬ ಷರತ್ತಿನ ಮೇಲೆ. ಹಣ ಮರಳಿ ಒಯ್ಯುವ ಹಕ್ಕೂ ಬೇಕೆಂಬ ಮಾವ ಇದ್ದರೆ ಕಂಪನಿಯ ಷೇರಿನ ದಾರಿ ನೋಡಬೇಕು. ಒಬ್ಬರೇ ಕಂಪನಿ ಮಾಡುವ ಏಕವ್ಯಕ್ತಿ ಕಂಪನಿ 2021ರಿಂದ ಅನಿವಾಸಿ ಭಾರತೀಯ ಪ್ರಜೆಗಳಿಗೂ ತೆರೆದಿದೆ. ಮಗನಿಗೆ ಪ್ರೀತಿಯಿಂದ 50,000 ಕಳುಹಿಸಿದ ಅಪ್ಪನಿಗೆ ಇದೊಂದೂ ಬೇಕಾಗಿಲ್ಲ.

ದೊಡ್ಡಮ್ಮನ ಸೊಸೈಟಿ

ತರಗತಿಯಲ್ಲಿ ಸಹಕಾರ ಸಂಘದ ಪಾಠ ಬಂದಾಗ ಹಿಂದಿನ ಬೆಂಚಿನವರು ಆಕಳಿಸುತ್ತಾರೆ. ಅವರಲ್ಲಿ ಅರ್ಧ ಜನರ ಮನೆಯ ಅಡಿಕೆ ಕ್ಯಾಂಪ್ಕೊಗೆ ಹೋಗಿರುತ್ತದೆ. 1970ರ ದಶಕದ ಆರಂಭದಲ್ಲಿ ಅಡಿಕೆಯ ದರ ಕುಸಿದು ಬೆಳೆಗಾರರು ಕಂಗಾಲಾದಾಗ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಂಸ್ಥೆ ಅದು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರದ್ದು. ಕೊಕ್ಕೋ ಬೆಳೆಗೂ ಅದೇ ಆಸರೆಯಾಗಿ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಇಲ್ಲಿ ಓಟು ತಲೆಗೆ ಒಂದು. ಹತ್ತು ಎಕರೆಯವರಿಗೂ ಹತ್ತು ಮರದವರಿಗೂ ಒಂದೇ. ಕಂಪನಿಯಲ್ಲಿ ಷೇರು ಹೆಚ್ಚಿದ್ದವರ ಮಾತು ಹೆಚ್ಚು. ಒಂದೇ ಪದಾರ್ಥ ಮಾಡುವ ಬಹಳ ಜನರಿದ್ದು, ಒಬ್ಬೊಬ್ಬರೇ ಹೋದರೆ ದಲ್ಲಾಳಿಯ ಮುಂದೆ ಬಗ್ಗಬೇಕಾದಲ್ಲಿ ಸಹಕಾರಕ್ಕೆ ಸಾಟಿ ಇಲ್ಲ. ಕರ್ನಾಟಕದಲ್ಲಿ 1959ರ ಸಹಕಾರ ಸಂಘಗಳ ಕಾಯಿದೆ ಒಂದು ದಾರಿ, ಸರ್ಕಾರದ ಕೈ ಸ್ವಲ್ಪ ಕಡಿಮೆ ಇರಲಿ ಎಂಬವರಿಗೆ 1997ರ ಸೌಹಾರ್ದ ಸಹಕಾರಿ ಕಾಯಿದೆ ಇನ್ನೊಂದು. ತೀರ್ಮಾನ ನಿಧಾನ, ಚುನಾವಣೆ ಬಂದರೆ ಊರಿನ ರಾಜಕೀಯವೂ ಒಳಗೆ ಬರುತ್ತದೆ. ಅಲ್ಲದೆ ಮೂವರಿಂದ ಸಂಘವಾಗುವುದಿಲ್ಲ.

ಆದರೂ ದೊಡ್ಡಮ್ಮನ ಮಾತಿನಲ್ಲಿ ತೂಕವಿತ್ತು. ಅವರು ಸಂಘ ಕಟ್ಟೋಣ ಎಂದದ್ದಲ್ಲ, ಇರುವ ಸೊಸೈಟಿಯ ಅಂಗಡಿಯಲ್ಲಿ ಮಾರೋಣ ಎಂದದ್ದು. ರೂಪವನ್ನೂ ಮಾರುಕಟ್ಟೆಯನ್ನೂ ಬಿಬಿಎಯ ಇಬ್ಬರು ಒಂದೇ ಎಂದುಕೊಂಡಿದ್ದರು, ಅವರು ಅಲ್ಲ.

ಅವಿಭಕ್ತ ಹಿಂದೂ ಕುಟುಂಬದ ವ್ಯಾಪಾರ ಎಂಬ ಇನ್ನೊಂದು ರೂಪ ಪಠ್ಯದಲ್ಲಿದೆ. ಅದು ಹುಟ್ಟಿನ ಸಂಬಂಧದಿಂದ ಬರುವಂಥದ್ದು, ಮೂವರು ಕುಳಿತು ಆರಿಸಿಕೊಳ್ಳುವಂಥದ್ದಲ್ಲ. ಪರೀಕ್ಷೆಗೆ ಓದಿಕೊಳ್ಳಿ.

ಬದಲಾಯಿಸಬಹುದೇ?

ಬದಲಾಯಿಸಬಹುದು, ಹಾಗಾಗಿಯೇ ಸಣ್ಣದರಿಂದ ಶುರುಮಾಡಿ ಎನ್ನುತ್ತೇನೆ. ಅಮ್ಮೆಂಬಳ ಸುಬ್ಬರಾವ್ ಪೈ 1906ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ್ದು ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಎಂಬ ನಿಧಿ. 1910ರಲ್ಲಿ ಅದು ಕೆನರಾ ಬ್ಯಾಂಕ್ ಲಿಮಿಟೆಡ್ ಆಯಿತು. ಇಂದಿನ ಕಾನೂನಿನಲ್ಲೂ ಫರ್ಮು ಎಲ್‌ಎಲ್‌ಪಿಯಾಗಬಹುದು, ಕಂಪನಿಯೂ ಆಗಬಹುದು. ಹಿಂದಕ್ಕೆ ಬರುವುದು ಕಷ್ಟ. ಕಂಪನಿಯನ್ನು ಮುಚ್ಚುವುದಕ್ಕೂ ಅರ್ಜಿ, ಶುಲ್ಕ, ಕಾಯುವಿಕೆ ಇದೆ. ಏಕಮಾಲೀಕತ್ವವನ್ನು ಮುಚ್ಚಲು ಬಾಕಿ ತೀರಿಸಿ ಬೀಗ ಹಾಕಿದರೆ ಬಹುಮಟ್ಟಿಗೆ ಆಯಿತು.

ಆ ಇಬ್ಬರಿಗೆ ನಾನು ಹೇಳಿದ್ದು ಹೀಗೆ. ಡಬ್ಬಿಯಲ್ಲಿ ಉಳಿದಿರುವ ಕಟ್ಟುಗಳನ್ನು ಈ ಮಳೆಗಾಲದಲ್ಲೇ ದೊಡ್ಡಮ್ಮನ ಹೆಸರಿನಲ್ಲಿ, ಅವರೊಬ್ಬರ ವ್ಯಾಪಾರವಾಗಿ ಮಾರಿ ನೋಡಿ. ಅಪ್ಪ ಕೊಟ್ಟ ಹಣವನ್ನು ಪೂರ್ತಿ ಮುಟ್ಟಬೇಡಿ. ಮುಟ್ಟಿದಷ್ಟಕ್ಕೆ ದೊಡ್ಡಮ್ಮನಿಂದ ಒಂದು ಸಾಲದ ಚೀಟಿ ಬರೆಸಿಕೊಳ್ಳಿ. ಹುಡುಗಿ ದುಡಿದದ್ದಕ್ಕೆ ಕಟ್ಟಿಗೆ ಇಷ್ಟು ಎಂದು ಕೂಲಿ ನಿಗದಿಯಾಗಲಿ. ಹಲಸು ಬಲಿಯುವುದಕ್ಕೆ ಮೊದಲು, ಫೆಬ್ರವರಿಯಲ್ಲಿ, ಹುಡುಗನಿಗೂ ಹದಿನೆಂಟು ತುಂಬಿರುತ್ತದೆ. ಆಗಲೂ ಮೂವರಿಗೂ ಉತ್ಸಾಹ ಉಳಿದಿದ್ದು, ಅಂಗಡಿಗಳಿಗೆ ಕಡ ಕೊಡುವಷ್ಟು ಬೇಡಿಕೆ ಬಂದಿದ್ದರೆ ಪಾಲುದಾರಿಕೆ ಪತ್ರ ಬರೆಯೋಣ, ನೋಂದಣಿಯನ್ನೂ ಮಾಡಿಸೋಣ.

ಮರುದಿನ ದೊಡ್ಡಮ್ಮ ಫೋನ್ ಮಾಡಿದರು. ಎಲ್ಲವನ್ನೂ ಮಕ್ಕಳು ವರದಿ ಮಾಡಿದ್ದರು. "ಮೇಷ್ಟ್ರೇ, ಪತ್ರ ಬರೆದರೆ ಹಿತ್ತಲಿನ ಹಲಸಿನ ಮರವೂ ಮೂವರದಾಗುತ್ತದೆಯೇ?"

ನಾಲ್ಕು ವರ್ಷ ಪಾಠ ಕೇಳಿದವರೂ ಕೇಳದ ಪ್ರಶ್ನೆ. ಫರ್ಮಿನ ಆಸ್ತಿಯೆಂದು ಒಪ್ಪಿ ತಂದದ್ದು ಮಾತ್ರ ಫರ್ಮಿನದು. ಬಳಸಿದ ಮಾತ್ರಕ್ಕೆ ಆಗುವುದಿಲ್ಲ. ಮರ ನಿಮ್ಮದೇ, ಆದರೆ ಅದನ್ನೂ ಪತ್ರದಲ್ಲಿ ಬರೆದುಬಿಡೋಣ, ಕಾಯಿಗೆ ಇಷ್ಟು ಎಂದು ದರವನ್ನೂ ಹಾಕೋಣ ಎಂದೆ.

"ದರ ಬೇಡ, ಮರ ಮಾತ್ರ ಬರೆಯಿರಿ" ಎಂದರು.